ಪಗ್ ನಾಯಿಯ ಮೂಗು ಎಲ್ಲಿ ಹೋಯ್ತು?

[ಆರು ಸೆಕೆಂಡ್ ಗೊರಕೆಯ ಸದ್ದು]

ಈಗ ನೀವು ಕೇಳಿಸಿಕೊಂಡಿದ್ದು ಒಂದು ಹಳೇ ರಿಂಗ್‌ಟೋನ್. 2009ರಲ್ಲಿ ದಾವಣಗೆರೆಯ ನಮ್ಮ ಮನೆಯಲ್ಲಿ ನಾನೇ ರೆಕಾರ್ಡ್ ಮಾಡಿದ್ದು. ಗೊರಕೆ ಹೊಡೀತಿರೋದು ಅಪ್ಪ ಅಲ್ಲ, ನಮ್ಮ ಪಗ್ ನಾಯಿ, ಗುಂಡ. ಕಾಲೇಜಲ್ಲಿ ನನ್ನ ಫೋನ್ ರಿಂಗಾದ್ರೆ ಇಡೀ ಬೆಂಚು ನಗ್ತಿತ್ತು. ನಾನೂ ನಗ್ತಿದ್ದೆ.

ಈ ಎಪಿಸೋಡ್ ಮಾಡೋಕೆ ಕಾರಣ ನನ್ನ ಚಿಕ್ಕಮ್ಮನ ಮಗಳು. ಕಲಬುರಗಿಯಲ್ಲಿ ಡಿಗ್ರಿ ಓದ್ತಾಳೆ. ಹೋದ ತಿಂಗಳು ವಾಟ್ಸ್ಯಾಪಲ್ಲಿ ಒಂದು ಮರಿಯ ಫೋಟೋ ಕಳಿಸಿ, "ಅಕ್ಕಾ, ಪಗ್ ತಗೊಳ್ಳಾಕತ್ತೀನಿ, ಹೆಸರು ಏನಿಡ್ಲಿ ಹೇಳು" ಅಂದಳು. ನಾನು ಹೆಸರು ಹೇಳಲಿಲ್ಲ. "ಸ್ವಲ್ಪ ತಡಿ" ಅಂದೆ. ಯಾಕೆ ತಡಿ ಅಂದೆ ಅನ್ನೋದನ್ನ ಅವಳಿಗೆ ವಾಯ್ಸ್ ನೋಟಲ್ಲಿ ಹೇಳೋಕೆ ಹೋಗಿ, ಅದು ಉದ್ದ ಆಗಿ ಆಗಿ ಇಲ್ಲಿಗೆ ಬಂದಿದೆ.

ಗುಂಡ ನಮ್ಮ ಮನೆಗೆ ಬಂದಿದ್ದು ಹಚ್ ಜಾಹೀರಾತಿನಿಂದ. ಈಗಿನವರಿಗೆ ಹಚ್ ಗೊತ್ತಿರಲಿಕ್ಕಿಲ್ಲ. ಅದೇ ಕಂಪನಿ 2007ರಲ್ಲಿ ವೊಡಾಫೋನ್ ಆಯ್ತು. 2003ರಲ್ಲಿ ಟಿವಿಯಲ್ಲಿ ಒಂದು ಜಾಹೀರಾತು ಬರ್ತಿತ್ತು: ಒಬ್ಬ ಪುಟ್ಟ ಹುಡುಗ, ಅವನು ಎಲ್ಲಿ ಹೋದರೂ ಹಿಂದೆ ಹಿಂದೆ ಒಂದು ಪಗ್. ನೆಟ್‌ವರ್ಕ್ ಹೀಗೆ ನಿಮ್ಮ ಹಿಂದೆ ಇರುತ್ತೆ ಅನ್ನೋದು ಅರ್ಥ. ನಿರ್ದೇಶನ ಮಾಡಿದ ಪ್ರಕಾಶ್ ವರ್ಮಾ ಅವರ ಕಂಪನಿ ಇರೋದು ಬೆಂಗಳೂರಲ್ಲೇ. ಆಮೇಲೆ ನಮ್ಮ ಕಡೆ ಪಗ್‌ಗೆ ಪಗ್ ಅನ್ನೋ ಹೆಸರೇ ಉಳಿಯಲಿಲ್ಲ, 'ಹಚ್ ನಾಯಿ' ಅಂತಲೇ ಆಗೋಯ್ತು. ಅಪ್ಪ ಮರಿ ತಂದಾಗ ಕೇಳಿದ್ದು ಎರಡೇ ಪ್ರಶ್ನೆ: ಗಂಡೋ ಹೆಣ್ಣೋ, ಎಷ್ಟು ಕೊಡಬೇಕು?

2011ರ ಮೇ ತಿಂಗಳು. ಮನೆಯಲ್ಲಿ ನೆಂಟರು ತುಂಬಿದ್ದರು. ಕಾಲಿಗೆ ಅಡ್ಡ ಬರ್ತಾನೆ ಅಂತ ಗುಂಡನನ್ನ ಟೆರೇಸ್ ಮೇಲಿನ ಶೀಟ್ ರೂಮಲ್ಲಿ ಕಟ್ಟಿದೆವು. ಕಟ್ಟಿದ್ದು ನಾನೇ. ನೀರು ಇಟ್ಟಿದ್ದೆ. ಒಂದು ಗಂಟೆ ಬಿಟ್ಟು ಹೋಗಿ ನೋಡಿದ್ರೆ ಪಕ್ಕಕ್ಕೆ ಬಿದ್ದಿದ್ದ, ನಾಲಿಗೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಒದ್ದೆ ಟವೆಲ್ ಸುತ್ತಿ ಆಟೋ ಹತ್ತಿದೆ. ದವಾಖಾನೆ ಮುಟ್ಟೋ ಹೊತ್ತಿಗೆ ಮುಗಿದಿತ್ತು. ಡಾಕ್ಟರ್ ಬಾಯಿ ತೆರೆದು ನೋಡಿ ಒಂದೇ ಮಾತು ಕೇಳಿದರು: "ಈ ಗೊರಕೆ ಯಾವಾಗಿಂದ ಇತ್ತಮ್ಮ?"

ಮೊದಲಿಂದಲೂ ಇತ್ತು. ಪಗ್ ಅಂದ್ರೇನೇ ಹಾಗೆ ಅಂದುಕೊಂಡಿದ್ದೆವು. ಚೀನಾದ ರಾಜರ ಕಾಲದ ತಳಿ, ಸಾವಿರಾರು ವರ್ಷದಿಂದ ಮುಖ ಹೀಗೇ ಚಪ್ಪಟೆ, ಉಸಿರು ಹೀಗೇ ಗೊರಗೊರ. ಮಾರೋರೂ ಇದನ್ನೇ ಹೇಳ್ತಾರೆ. ಇದರಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಆ ಸುಳ್ಳಿನ ಅರ್ಧ ಹೇಗೆ ಗೊತ್ತಾಗುತ್ತೆ ಅಂತ ಕೇಳಿದ್ರೆ, ನಾನು ತೋರಿಸೋದು ಒಂದು ಪೇಂಟಿಂಗ್.

ಅಲ್ಲಿಗೆ ಹೋಗೋ ಮೊದಲು ಬೇಗ ಬೇಗ ಒಂದು ಸುತ್ತು. ಚೀನಾದ ಅರಮನೆಗಳಲ್ಲಿ ಮೋಟು ಮೂತಿಯ ಪುಟ್ಟ ನಾಯಿಗಳನ್ನ ಸಾಕ್ತಿದ್ದಿದ್ದು ನಿಜ. ಬೇಟೆಗಲ್ಲ, ಕಾವಲಿಗಲ್ಲ, ಮಡಿಲಲ್ಲಿ ಕೂರಿಸಿಕೊಳ್ಳೋಕೆ. 16ನೇ ಶತಮಾನದಲ್ಲಿ ಯುರೋಪಿನ ವ್ಯಾಪಾರದ ಹಡಗುಗಳು ಪೂರ್ವಕ್ಕೆ ಬಂದು ಹೋಗೋಕೆ ಶುರುವಾದ ಮೇಲೆ ಈ ಜಾತಿಯ ನಾಯಿಗಳು ಆ ಕಡೆ ಹೋದವು. ಡಚ್ಚರು ಇವಕ್ಕೆ ಇಟ್ಟ ಹೆಸರು 'ಮಾಪ್ಸ್‌ಹೊಂಡ್'. ಅವರ ಭಾಷೆಯಲ್ಲಿ ಗೊಣಗೋದು ಅನ್ನೋ ಪದಕ್ಕೆ ಹತ್ತಿರದ್ದು. ಹಣೆ ಸುಕ್ಕು ಮಾಡ್ಕೊಂಡು ಗೊಣಗೋ ಅಜ್ಜನ ಮುಖ ನೆನಪಿಸಿಕೊಳ್ಳಿ, ಸಾಕು.

ಡಚ್ಚರ ನಾಯಕ ವಿಲಿಯಂ ಆಫ್ ಆರೆಂಜ್, ಸ್ಪೇನ್ ವಿರುದ್ಧ ದಂಗೆ ಎದ್ದವನು. 1572ರ ಒಂದು ರಾತ್ರಿ ಸ್ಪೇನಿನ ಸೈನಿಕರು ಅವನ ಶಿಬಿರಕ್ಕೆ ನುಗ್ಗಿದರು. ಕಾವಲಿನವರಿಗೂ ಎಚ್ಚರ ಆಗಿರಲಿಲ್ಲ. ಡೇರೆಯಲ್ಲಿ ಮಲಗಿದ್ದ ಪುಟ್ಟ ನಾಯಿ ಕಿರುಚಿ, ಪರಚಿ, ಮುಖದ ಮೇಲೆ ಹಾರಿ ಅವನನ್ನ ಎಬ್ಬಿಸಿತು, ಅವನು ಕುದುರೆ ಹತ್ತಿ ಪಾರಾದ. ಇದನ್ನ ಬರೆದಿಟ್ಟವನು ಅದೇ ಕಾಲದ ಸೈನಿಕ ರೋಜರ್ ವಿಲಿಯಮ್ಸ್. ಅವನ ಪುಸ್ತಕ ಅಚ್ಚಾಗಿದ್ದು 1618ರಲ್ಲಿ. ಆ ನಾಯಿಯೇ ಪಗ್ ಅಂತ ಎಲ್ಲಾ ಕಡೆ ಹೇಳ್ತಾರೆ. ವಿಲಿಯಮ್ಸ್ ಬರೆದಿರೋದು ಮಾತ್ರ ಬಿಳೀ ಬಣ್ಣದ, ಮೂಗು ಸೊಟ್ಟಗಿದ್ದ ಪುಟ್ಟ ನಾಯಿ ಅಂತ. ಬಿಳೀ ಪಗ್ಗನ್ನ ನೀವು ಎಲ್ಲಾದರೂ ನೋಡಿದ್ದೀರಾ? ನನಗಂತೂ ಅನುಮಾನ. ಆದರೆ ಕಥೆ ನಿಂತುಬಿಟ್ಟಿತು, ಪಗ್ ಆರೆಂಜ್ ಮನೆತನದ ಗುರುತೇ ಆಯ್ತು. 1689ರಲ್ಲಿ ಅದೇ ವಂಶದ ಮೂರನೇ ವಿಲಿಯಂ ಇಂಗ್ಲೆಂಡಿನ ಸಿಂಹಾಸನಕ್ಕೆ ಹೋದಾಗ ನಾಯಿಗಳೂ ಜೊತೆಗೆ ಹೋದವು.

ಆಮೇಲೆ ಹುಚ್ಚು ಹಿಡೀತು ಅನ್ನಬೇಕು. ಜರ್ಮನಿಯಲ್ಲಿ 1740ರ ಸುಮಾರಿಗೆ 'ಮಾಪ್ಸ್' ಹೆಸರಲ್ಲೇ ಒಂದು ಗುಪ್ತ ಸಂಘ ಇತ್ತು. ಪೋಪ್ 1738ರಲ್ಲಿ ಫ್ರೀಮೇಸನ್ ಸಂಘವನ್ನ ನಿಷೇಧಿಸಿದ ಮೇಲೆ ಕ್ಯಾಥೊಲಿಕರು ಮಾಡಿಕೊಂಡ ಬದಲಿ ವ್ಯವಸ್ಥೆ ಅದು. ಹೊಸಬರು ಕುತ್ತಿಗೆಗೆ ನಾಯಿ ಪಟ್ಟಿ ಹಾಕ್ಕೊಂಡು ಬಾಗಿಲು ಕೆರೆದು ಒಳಗೆ ಬರಬೇಕಿತ್ತು. ಪಿಂಗಾಣಿ ಪಗ್ಗಿನ ಹಿಂಭಾಗಕ್ಕೆ ಮುತ್ತು ಕೊಡೋ ಶಾಸ್ತ್ರವೂ ಇತ್ತಂತೆ. ನಮ್ಮ ಕಾಲೇಜಿನ ರ‍್ಯಾಗಿಂಗ್ ಏನೂ ಅಲ್ಲ ಬಿಡಿ.

ಈಗ ಪೇಂಟಿಂಗ್. ಫೋನಲ್ಲೇ ಹುಡುಕಿ, ನಾನು ಕಾಯ್ತೀನಿ. ವಿಲಿಯಂ ಹೊಗಾರ್ತ್, 1745, ಕಲಾವಿದ ಮತ್ತು ಅವನ ಪಗ್. ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ನಾಯಿಯ ಹೆಸರು ಟ್ರಂಪ್ (ಹೌದು, ನಿಜವಾಗಲೂ). ಸಿಕ್ತಾ? ಹೊಗಾರ್ತ್ ಮುಖ ಬಿಡಿ, ನಾಯಿಯ ಮುಖ ನೋಡಿ. ಮೂತಿ ಇದೆ! ಮುಂದಕ್ಕೆ ಚಾಚಿದೆ. ಮುಖದ ಮೇಲೆ ಚೂರು ಸುಕ್ಕು, ಮುಖದ ಮುಂದೆ ನಿಜವಾದ ಒಂದು ಮೂಗು. ಅದಾದ ಸುಮಾರು 40 ವರ್ಷಕ್ಕೆ ಸ್ಪೇನಿನ ಗೋಯಾ ಬರೆದ ಪಾಂತೆಹೋಸ್ ಎಂಬ ಮಾರ್ಕೀಸಳ ಚಿತ್ರವನ್ನೂ ನೋಡಿ. ಅವಳ ಕಾಲ ಬುಡದಲ್ಲೊಂದು ಪಗ್ ಇದೆ. ಉದ್ದ ಕಾಲು, ತೆಳ್ಳಗಿನ ಮೈ, ನಡ್ಕೊಂಡು ಬರ್ತಾ ಇದೆ. ಈ ಎರಡೂ ನಾಯಿಗಳನ್ನ ಇವತ್ತು ಮಾರೋಕೆ ತಂದ್ರೆ "ಇದು ಕ್ರಾಸ್, ಒರಿಜಿನಲ್ ಅಲ್ಲ" ಅಂತ ವಾಪಸ್ ಕಳಿಸ್ತೀವಿ.

ಅಂದ್ರೆ ಪಗ್ ಹಳೇದು, ಪಗ್ಗಿನ ಇವತ್ತಿನ ಮುಖ ಹೊಸದು. ಆ ಮುಖ ನಮ್ಮ ಮುತ್ತಜ್ಜನ ಅಜ್ಜನಷ್ಟೂ ಹಳೇದಲ್ಲ.

ನಡುವೆ ಏನಾಯ್ತು? ಎರಡು ಸಂಗತಿ. ಮೊದಲನೇದು ಒಂದು ಯುದ್ಧ, ಅದರಲ್ಲಿ ಬೆಂಗಳೂರಿಗೂ ಒಂದು ಎಳೆ ಇದೆ. 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಪಡೆಗಳು ಪೀಕಿಂಗ್ ಹೊರಗಿದ್ದ ಚಕ್ರವರ್ತಿಯ ಬೇಸಿಗೆ ಅರಮನೆಯನ್ನ ಲೂಟಿ ಮಾಡಿದವು. ಆಮೇಲೆ ಲಾರ್ಡ್ ಎಲ್ಗಿನ್ ಆಜ್ಞೆಯಂತೆ ಸುಟ್ಟರು. ಇದೇ ಎಲ್ಗಿನ್ ಎರಡು ವರ್ಷಕ್ಕೆ ಭಾರತದ ವೈಸ್‌ರಾಯ್ ಆಗಿ ಬಂದ. ಆ ದಂಡಯಾತ್ರೆಯಲ್ಲಿ ಭಾರತದ ಸಿಪಾಯಿಗಳೂ ಇದ್ದರು. ಅಲಸೂರು ಕೆರೆ ಪಕ್ಕದಲ್ಲಿ ಇವತ್ತಿಗೂ ಕೇಂದ್ರ ಇರೋ ಮದ್ರಾಸ್ ಸ್ಯಾಪರ್ಸ್ ಅವರಲ್ಲಿ ಒಬ್ಬರು. ಅವರ ಯುದ್ಧ ಗೌರವಗಳ ಪಟ್ಟಿಯಲ್ಲಿ ಟಾಕು ಕೋಟೆ, ಪೀಕಿಂಗ್ ಹೆಸರುಗಳಿವೆ. ಅರಮನೆಯಲ್ಲಿ ಸಿಕ್ಕ ಪೀಕಿಂಗೀಸ್ ನಾಯಿಗಳನ್ನ ಬ್ರಿಟಿಷ್ ಅಧಿಕಾರಿಗಳು ಊರಿಗೆ ಹೊತ್ತೊಯ್ದರು. ಕ್ಯಾಪ್ಟನ್ ಡನ್ ಅನ್ನೋನು ಒಂದನ್ನ ವಿಕ್ಟೋರಿಯಾ ರಾಣಿಗೆ ಕೊಟ್ಟ. ಅದಕ್ಕಿಟ್ಟ ಹೆಸರು ಕೇಳಿ: 'ಲೂಟಿ'. ನಮ್ಮದೇ ಪದ! ಭಾರತದಿಂದ ಇಂಗ್ಲಿಷಿಗೆ ಹೋಗಿದ್ದ ಪದ, ಚೀನಾದ ನಾಯಿಯ ಹೆಸರಾಗಿ ವಿಂಡ್ಸರ್ ಅರಮನೆ ಸೇರಿತು. ಕದ್ದ ಮಾಲಿಗೆ 'ಕದ್ದದ್ದು' ಅಂತಲೇ ಹೆಸರಿಡೋ ಧೈರ್ಯ ನೋಡಿ. ಆ ನಾಯಿ 1872ರವರೆಗೆ ಬದುಕಿತ್ತು. ಪೀಕಿಂಗೀಸ್ ಪಗ್ಗಿಗೆ ದೂರದ ದಾಯಾದಿ ಇದ್ದಂಗೆ. ಆಮೇಲೆ ಚೀನಾದಿಂದ ಇನ್ನಷ್ಟು ಮೋಟು ಮೂತಿಯ ನಾಯಿಗಳು ಇಂಗ್ಲೆಂಡಿಗೆ ಬಂದವು, ಚಪ್ಪಟೆ ಮುಖಕ್ಕೆ ಬೆಲೆ ಏರಿತು.

ಎರಡನೇದು ನಾಯಿ ಪ್ರದರ್ಶನ. 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಶುರುವಾಯ್ತು. ಪ್ರತಿ ತಳಿ ಹೀಗೇ ಇರಬೇಕು ಅಂತ ಕಾಗದದ ಮೇಲೆ ಬರೆದರು. ಪಗ್ಗಿಗೆ ಮೂತಿ ಮೋಟು ಇರಬೇಕು ಅಂತ ಬರೆದರೆ, ಪೈಪೋಟಿಯಲ್ಲಿ ಗೆಲ್ಲೋದು ಎಲ್ಲರಿಗಿಂತ ಮೋಟು ಮೂತಿಯದು. ಗೆದ್ದ ನಾಯಿಯಿಂದಲೇ ಮರಿ ಮಾಡಿಸ್ತಾರೆ. ಮರಿಗಳ ಮೂತಿ ಇನ್ನೊಂದು ನೂಲು ಚಿಕ್ಕದು. ನಾಯಿಗೆ ತಲೆಮಾರು ಅಂದ್ರೆ ಎರಡು ಮೂರು ವರ್ಷ. ನೂರು ವರ್ಷದಲ್ಲಿ ಎಷ್ಟು ತಲೆಮಾರು ಆಯ್ತು ಲೆಕ್ಕ ಹಾಕಿ.

ಸಮಸ್ಯೆ ಏನಂದ್ರೆ ಚಿಕ್ಕದಾಗಿದ್ದು ಮೂಳೆ ಮಾತ್ರ. ಒಳಗಿನ ಮಾಂಸ, ಅಂಗುಳ, ಮೂಗಿನ ಸುರುಳಿಗಳು ಅಷ್ಟು ಚಿಕ್ಕದಾಗಲಿಲ್ಲ. ಆರು ಗಜದ ಸೀರೆಯನ್ನ ಪುಟ್ಟ ಪರ್ಸಿಗೆ ತುರುಕಿದ ಹಾಗೆ. ಗಾಳಿ ಹೋಗೋ ದಾರಿಗೆ ಅಂಗುಳದ ಮೆತ್ತನೆ ಭಾಗ ಅಡ್ಡ ಬಂದು ಅದುರುತ್ತೆ. ನಾನು ರಿಂಗ್‌ಟೋನ್ ಮಾಡಿಕೊಂಡಿದ್ದು ಆ ಅದುರುವಿಕೆಯನ್ನ.

ಇದಕ್ಕೂ ಸೆಕೆಗೂ ಏನು ಸಂಬಂಧ? ನಾಯಿಗೆ ನಮ್ಮ ಹಾಗೆ ಮೈತುಂಬಾ ಬೆವರಲ್ಲ. ಪಾದದಲ್ಲಿ ಸ್ವಲ್ಪ, ಅಷ್ಟೇ. ಏದುಸಿರು ಬಿಡ್ತಾ ನಾಲಿಗೆ ಮತ್ತು ಮೂಗಿನ ತೇವವನ್ನ ಆವಿ ಮಾಡಿ ಮೈ ತಂಪು ಮಾಡ್ಕೊಳ್ಳುತ್ತೆ. ದಾರಿಯೇ ಕಟ್ಟಿದ್ರೆ ಗಾಳಿ ಎಳೆಯೋಕೆ ಜಾಸ್ತಿ ಶ್ರಮ, ಶ್ರಮದಿಂದ ಇನ್ನೂ ಬಿಸಿ, ಗಂಟಲು ಊದಿ ದಾರಿ ಇನ್ನೂ ಕಿರಿದು. ಶೀಟ್ ರೂಮಲ್ಲಿ ಗುಂಡನಿಗೆ ಆಗಿದ್ದು ಇದೇ. ನಾನು ಸುತ್ತಿದ ಟವೆಲ್ಲೂ ತಪ್ಪೇ, ಸ್ವಲ್ಪ ಹೊತ್ತಿಗೆ ಅದು ಬಿಸಿಯನ್ನ ಒಳಗೇ ಹಿಡಿದಿಡುತ್ತೆ. ಮಾಡಬೇಕಿದ್ದಿದ್ದು ತಣ್ಣೀರು ಮೈಮೇಲೆ ಸುರೀತಾ ಇರೋದು, ಗಾಳಿ ಹಾಕೋದು, ಹಾಗೇ ಡಾಕ್ಟರ ಹತ್ತಿರ ಓಡೋದು. ಯಾರ ಮನೇಲಿ ಈಗಾಗಲೇ ಪಗ್ ಇದೆಯೋ ಅವರು ಇದೊಂದನ್ನ ನೆನಪಿಟ್ಟುಕೊಳ್ಳಿ. ಮತ್ತೆ, ಕುತ್ತಿಗೆ ಪಟ್ಟಿ ತೆಗೆದು ಎದೆಗೆ ಹಾಕೋ ಹಾರ್ನೆಸ್ ತನ್ನಿ. ಬೆಳಿಗ್ಗೆ ಬಿಸಿಲೇರೋ ಮೊದಲೇ ವಾಕಿಂಗ್ ಮುಗಿಸಿ. ಮುಖದ ಸುಕ್ಕುಗಳ ನಡುವೆ ಒರೆಸಿ ಒಣಗಿಸಿ, ಇಲ್ಲಾಂದ್ರೆ ಹುಣ್ಣಾಗುತ್ತೆ. ಕಣ್ಣು ಹೊರಗೆ ಚಾಚಿಕೊಂಡಿರೋದ್ರಿಂದ ಸಣ್ಣ ಗೀರಿಗೂ ಡಾಕ್ಟರಿಗೆ ತೋರಿಸಿ. ಎಲ್ಲಕ್ಕಿಂತ ಮುಖ್ಯ ತೂಕ. ದಪ್ಪಗಿರೋ ಪಗ್ ನೋಡೋಕೆ ಮುದ್ದು, ಉಸಿರಾಟಕ್ಕೆ ಶತ್ರು. ಅಮ್ಮ ದಿನಾ ಗುಂಡನಿಗೆ ತುಪ್ಪ ಹಚ್ಚಿದ ಚಪಾತಿ ಹಾಕ್ತಿದ್ದಳು, ಪ್ರೀತಿಗೆ.

2022ರಲ್ಲಿ ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಅಧ್ಯಯನ ಒಂದು ಬಂತು. ಪಗ್‌ಗಳಿಗೆ ವರ್ಷದಲ್ಲಿ ಏನಾದರೊಂದು ಕಾಯಿಲೆ ಬರೋ ಸಾಧ್ಯತೆ ಬೇರೆ ನಾಯಿಗಳಿಗಿಂತ ಸುಮಾರು 1.9 ಪಟ್ಟು ಅಂತ ಲೆಕ್ಕ ಸಿಕ್ತು. ಆರೋಗ್ಯದ ದೃಷ್ಟಿಯಿಂದ ಪಗ್ಗನ್ನ ಇನ್ನು ಮಾಮೂಲಿ ನಾಯಿ ಅಂತ ಪರಿಗಣಿಸೋಕಾಗಲ್ಲ ಅಂತಲೂ ಹೇಳಿದರು. ಡಚ್ಚರ ನಾಡಿಗೆ ವಾಪಸ್ ಬನ್ನಿ. ಪಗ್ಗನ್ನ ರಾಜಮನೆತನದ ಗುರುತು ಮಾಡಿದ ಅದೇ ನೆದರ್‌ಲ್ಯಾಂಡ್ಸ್, 2019ರಲ್ಲಿ ಒಂದು ಅಳತೆ ಇಟ್ಟಿತು: ಮೂತಿ, ತಲೆಯ ಉದ್ದದ ಮೂರನೇ ಒಂದು ಭಾಗದಷ್ಟೂ ಇಲ್ಲದ ನಾಯಿಯಿಂದ ಮರಿ ಮಾಡಿಸಬಾರದು. ಇವತ್ತಿನ ಬಹುಪಾಲು ಪಗ್‌ಗಳು ಆ ಅಳತೆಯಲ್ಲಿ ಪಾಸಾಗಲ್ಲ. ಹೊಗಾರ್ತನ ಟ್ರಂಪ್ ಪಾಸಾಗ್ತಿದ್ದನೇನೋ.

ಹಾಗಾದ್ರೆ ಪುಟ್ಟ ನಾಯಿ ಬೇಕು ಅನ್ನೋರು ಏನು ಮಾಡಬೇಕು? ಗಾತ್ರ ಚಿಕ್ಕದಿರೋದು ತಪ್ಪಲ್ಲ, ಮೂಗು ಇಲ್ಲದಿರೋದು ತೊಂದರೆ. ನಮ್ಮೂರುಗಳಲ್ಲಿ 'ಪಾಮೇರಿಯನ್' ಅಂತ ಕರೀತಿದ್ದ ಬಿಳೀ ನಾಯಿಗಳಿದ್ದವಲ್ಲ, ಅವು ಹೆಚ್ಚಿನವು ಇಂಡಿಯನ್ ಸ್ಪಿಟ್ಜ್. 'ಹಮ್ ಆಪ್ಕೆ ಹೈ ಕೌನ್' ಸಿನಿಮಾದ ಟಫಿ ಕೂಡ ಅದೇ. ಚೂಪು ಮೂತಿ, ನಮ್ಮ ಹವೆಗೆ ಹೊಂದಿಕೊಂಡ ಮೈ. ಈಗ ಯಾರಿಗೂ ಬೇಡ, ಫ್ಯಾಷನ್ ಹೋಗಿದೆ. ಬೀದಿಯ ಮರಿ ಇನ್ನೂ ಒಳ್ಳೇದು, ಅನ್ನೋದು ನನ್ನ ಅಭಿಪ್ರಾಯ. ಪಗ್ಗೇ ಬೇಕು ಅಂತ ಹಠ ಇದ್ರೆ ಮರಿ ನೋಡಬೇಡಿ, ಮರಿಯ ತಾಯಿ ನೋಡಿ. ಮೂಗಿನ ಹೊಳ್ಳೆ ತೆರೆದಿದೆಯಾ, ಗೀಟು ಎಳೆದ ಹಾಗಿದೆಯಾ? ಮೂರು ನಿಮಿಷ ಚುರುಕಾಗಿ ನಡೆಸಿ, ಆಮೇಲೆ ಕಿವಿಗೊಡಿ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ರೂಪಿಸಿದ ಉಸಿರಾಟದ ಪರೀಕ್ಷೆಯಲ್ಲೂ ಮೂರು ನಿಮಿಷ ಓಡಿಸಿ, ಮೊದಲು ಮತ್ತು ಆಮೇಲೆ ಸ್ಟೆತಾಸ್ಕೋಪಲ್ಲಿ ಕೇಳ್ತಾರೆ. ನಮ್ಮ ಹತ್ತಿರ ಸ್ಟೆತಾಸ್ಕೋಪ್ ಇಲ್ಲದಿದ್ರೂ ಕಿವಿ ಇದೆ.

ಇಷ್ಟೂ ಹೇಳಿದ ಮೇಲೆ ತಂಗಿ ಒಂದು ದಿನ ಮಾತಾಡಲಿಲ್ಲ. ಮಾರನೇ ದಿನ ಫೋನ್ ಮಾಡಿ, "ಆಯ್ತಕ್ಕಾ, ಏನು ಕೇಳ್ಲಿ ಅವನಿಗೆ?" ಅಂದಳು. ತಾಯಿ ನಾಯಿ ಮೂರು ನಿಮಿಷ ನಡೆಯೋ ವಿಡಿಯೋ ಕಳಿಸು ಅಂತ ಮಾರೋನಿಗೆ ಕೇಳು ಅಂದೆ. ಕೇಳಿದಳು. ಇಪ್ಪತ್ತು ಸೆಕೆಂಡಿನ ವಿಡಿಯೋ ಬಂತು. ನಾಯಿ ಚೆನ್ನಾಗೇ ನಡೀತಾ ಇದೆ. ಆದರೆ ಮೇಲೆ ಒಂದು ಸಿನಿಮಾ ಹಾಡು ಹಾಕಿದ್ದಾನೆ, ಉಸಿರು ಕೇಳಿಸ್ತಿಲ್ಲ.

ಹಾಡು ತೆಗೆದು ಮತ್ತೊಮ್ಮೆ ಕಳಿಸೋಕೆ ಹೇಳು ಅಂದಿದ್ದೀನಿ. ಒಂದು ವಾರ ಆಯ್ತು. ಇನ್ನೂ ಬಂದಿಲ್ಲ.