ರಿಮೋಟಿಗೂ ರಿಸೀವರಿಗೂ ಗಂಟು ಬಿದ್ದ ಕಥೆ

ಅಕ್ಕಪಕ್ಕದ ಎರಡು ಹೊಲಗಳಲ್ಲಿ ಒಂದೇ ಹೊತ್ತಿಗೆ ಎರಡು ಡ್ರೋನ್‌ಗಳು ಔಷಧಿ ಸಿಂಪಡಿಸುತ್ತಿವೆ ಅಂದುಕೊಳ್ಳಿ. ಎರಡೂ ಒಂದೇ ಕಂಪನಿಯವು, ರಿಮೋಟ್‌ಗಳೂ ನೋಡಲು ಒಂದೇ ಥರ. ಆದರೂ ಈ ಹೊಲದವರು ಸ್ಟಿಕ್ ತಿರುಗಿಸಿದರೆ ಆ ಹೊಲದ ಡ್ರೋನ್ ತಿರುಗುವುದಿಲ್ಲ. ಕಾರಣ, ಪ್ರತಿ ರಿಸೀವರಿಗೂ ತನ್ನ ಟ್ರಾನ್ಸ್‌ಮಿಟರ್ ಯಾವುದು ಎಂದು ಮೊದಲೇ ಕಲಿಸಿರುತ್ತಾರೆ. ಇದಕ್ಕೆ ಬೈಂಡಿಂಗ್ ಎಂದು ಹೆಸರು. ನಮ್ಮ ಮಾತಲ್ಲಿ ಹೇಳುವುದಾದರೆ, ಇಬ್ಬರಿಗೂ ಗಂಟು ಹಾಕುವುದು.

ಕೆಲವೇ ಸೆಕೆಂಡುಗಳಲ್ಲಿ ಮುಗಿಯುವ ಈ ಕೆಲಸವನ್ನು ಕಂಡುಕೊಳ್ಳಲು ಮನುಷ್ಯರಿಗೆ ಸುಮಾರು ನೂರು ವರ್ಷ ಹಿಡಿಯಿತು.

ದೋಣಿಯ ಮುಂದೆ ನಿಂತ ಟೆಸ್ಲಾ

1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ವಿದ್ಯುತ್ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ನಿಕೋಲಾ ಟೆಸ್ಲಾ ಒಂದು ನೀರಿನ ತೊಟ್ಟಿಯಲ್ಲಿ ಪುಟ್ಟ ದೋಣಿ ಬಿಟ್ಟಿದ್ದರು. ತಂತಿಯಿಲ್ಲ, ಹಗ್ಗವಿಲ್ಲ. ದೂರದಿಂದಲೇ ಅದನ್ನು ತಿರುಗಿಸಿದರು, ಅದರ ದೀಪ ಹೊತ್ತಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಅವರಿಗೆ ಇದರ ಪೇಟೆಂಟ್ ಸಿಕ್ಕಿತು.

ಆ ದೋಣಿಯ ರಿಸೀವರ್ ಎಂದರೆ ಲೋಹದ ಪುಡಿ ತುಂಬಿದ ಒಂದು ಕೊಳವೆ. ರೇಡಿಯೋ ಅಲೆ ತಾಗಿದರೆ ಅದರಲ್ಲಿ ಕರೆಂಟ್ ಹರಿಯುತ್ತಿತ್ತು. ಅಲೆ ಯಾರದ್ದು ಎಂದು ತಿಳಿಯುವಷ್ಟು ಬುದ್ಧಿ ಪುಡಿಗೆ ಎಲ್ಲಿಂದ ಬರಬೇಕು? ಆಗ ಗಾಳಿಯಲ್ಲಿ ಹೆಚ್ಚು ಅಲೆಗಳಿರಲಿಲ್ಲ, ಹಾಗಾಗಿ ನಡೆಯಿತು. ಆದರೆ ಮುಂದೆ ಎಲ್ಲರೂ ಕಳಿಸತೊಡಗಿದರೆ ಏನು ಗತಿ ಎಂದು ಟೆಸ್ಲಾ ಆಗಲೇ ಯೋಚಿಸಿದ್ದರು. 1903ರಲ್ಲಿ ಸಿಕ್ಕ ಇನ್ನೆರಡು ಪೇಟೆಂಟ್‌ಗಳಲ್ಲಿ ಅವರು ಉಪಾಯ ಹೇಳಿದರು: ಬೇರೆ ಬೇರೆ ಆವರ್ತನದ ಎರಡು ಅಲೆಗಳು ಒಟ್ಟಿಗೆ ಬಂದರೆ ಮಾತ್ರ ಯಂತ್ರ ಕೆಲಸ ಮಾಡಬೇಕು. ಬ್ಯಾಂಕ್ ಲಾಕರಿಗೆ ಬ್ಯಾಂಕಿನದೊಂದು, ನಮ್ಮದೊಂದು, ಎರಡು ಬೀಗದ ಕೈ ಬೇಕಲ್ಲ, ಹಾಗೆ. ನಮ್ಮ ಕಥೆಯ ಮೊದಲ ಗಂಟು ಇದೇ.

ಯುದ್ಧ ಕಲಿಸಿದ ಪಾಠ

1943ರ ಸೆಪ್ಟೆಂಬರ್ 9ರಂದು ಜರ್ಮನಿಯ ವಿಮಾನಗಳು ಇಟಲಿಯ ದೊಡ್ಡ ಯುದ್ಧನೌಕೆ ರೋಮಾ ಮೇಲೆ ಫ್ರಿಟ್ಜ್ ಎಕ್ಸ್ ಎಂಬ ಬಾಂಬ್ ಹಾಕಿದವು. ಬೀಳುತ್ತಿರುವ ಬಾಂಬನ್ನು ವಿಮಾನದಲ್ಲಿ ಕೂತವರು ರೇಡಿಯೋ ಮೂಲಕ ಗುರಿಯತ್ತ ತಿರುಗಿಸುತ್ತಿದ್ದರು. ನೌಕೆ ಮುಳುಗಿತು, ಸಾವಿರಕ್ಕೂ ಹೆಚ್ಚು ಜನ ಸತ್ತರು.

ವಿಮಾನದಲ್ಲಿದ್ದ ಟ್ರಾನ್ಸ್‌ಮಿಟರಿನ ಹೆಸರು ಕೆಲ್, ಬಾಂಬಿನಲ್ಲಿದ್ದ ರಿಸೀವರಿನ ಹೆಸರು ಸ್ಟ್ರಾಸ್‌ಬರ್ಗ್. ರೈನ್ ನದಿಯ ಎರಡು ದಡಗಳಲ್ಲಿ ಎದುರುಬದುರು ಇರುವ ಎರಡು ಊರುಗಳ ಹೆಸರುಗಳಿವು. ಒಂದೇ ಸಲ ಹಲವು ಬಾಂಬ್ ಹಾಕಿದರೂ ಗೊಂದಲವಾಗದಂತೆ 18 ಚಾನೆಲ್‌ಗಳಿದ್ದವು. ಹಾರುವ ಮೊದಲೇ ಜೋಡಿ ಹೊಂದಿಸಿಡುತ್ತಿದ್ದರು. ಆದರೆ ಹಾರಿದ ಮೇಲೆ ಚಾನೆಲ್ ಬದಲಾಗುತ್ತಿರಲಿಲ್ಲ. ಎದುರಾಳಿಗಳು ಅದೇ ಚಾನೆಲ್ ಹುಡುಕಿ, ಅದರಲ್ಲೇ ಜೋರಾಗಿ ಗದ್ದಲ ಎಬ್ಬಿಸಿ ಬಾಂಬನ್ನು ಕಿವುಡು ಮಾಡುವುದನ್ನು ಕಲಿತರು.

ಇದಕ್ಕೆ ಪರಿಹಾರ ಅಷ್ಟರಲ್ಲೇ ಅಮೆರಿಕದ ಪೇಟೆಂಟ್ ಕಚೇರಿಯಲ್ಲಿ ದಾಖಲಾಗಿತ್ತು. ಆಸ್ಟ್ರಿಯಾದಲ್ಲಿ ಹುಟ್ಟಿ ಹಾಲಿವುಡ್ಡಿನಲ್ಲಿ ಹೆಸರು ಮಾಡಿದ ನಟಿ ಹೆಡಿ ಲಮಾರ್, ಸಂಗೀತಗಾರ ಜಾರ್ಜ್ ಆಂಥೈಲ್ ಜೊತೆ ಸೇರಿ 1942ರಲ್ಲಿ ಒಂದು ಪೇಟೆಂಟ್ ಪಡೆದಿದ್ದರು. ನೀರೊಳಗೆ ಸಾಗುವ ಟಾರ್ಪೆಡೋಗೆ ಆಜ್ಞೆ ಕೊಡುವಾಗ ಆವರ್ತನ ಒಂದರಿಂದ ಒಂದಕ್ಕೆ ಜಿಗಿಯುತ್ತಿರಬೇಕು, ಕಳಿಸುವವನೂ ಕೇಳುವವನೂ ಒಟ್ಟಿಗೇ ಜಿಗಿಯಬೇಕು. ತಾನೇ ನುಡಿಯುವ ಪಿಯಾನೋದಲ್ಲಿರುವಂಥ ತೂತಿನ ಕಾಗದದ ಸುರುಳಿ ಎರಡೂ ಕಡೆ ಒಂದೇ ಥರ ಇದ್ದರೆ ಸಾಕು. ಪಿಯಾನೋಗೆ 88 ಕೀಲಿ, ಇವರ ಯೋಜನೆಯಲ್ಲೂ 88 ಆವರ್ತನ. ನೌಕಾಪಡೆ ಆ ಯುದ್ಧದಲ್ಲಿ ಅದನ್ನು ಬಳಸಲಿಲ್ಲ.

ಬಣ್ಣದ ಬಾವುಟಗಳ ಕಾಲ

ಇತ್ತ 1937ರಲ್ಲಿ ಅಮೆರಿಕದ ಅವಳಿ ಸೋದರರಾದ ವಾಲ್ಟರ್ ಮತ್ತು ವಿಲಿಯಂ ಗುಡ್ 'ಗಫ್' ಎಂಬ ಮಾದರಿ ವಿಮಾನವನ್ನು ರೇಡಿಯೋದಿಂದ ಹಾರಿಸಿದ್ದರು. ಆ ವಿಮಾನ ಈಗ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ಯುದ್ಧ ಮುಗಿದ ಮೇಲೆ ಈ ಹವ್ಯಾಸ ಬೆಳೆಯಿತು, ಮೈದಾನದಲ್ಲಿ ಜನ ಹೆಚ್ಚಿದರು, ತೊಂದರೆಯೂ ಹೆಚ್ಚಿತು.

ಆಗ ಜೋಡಿ ಮಾಡುತ್ತಿದ್ದುದು ಕ್ರಿಸ್ಟಲ್. ಸ್ಫಟಿಕದ ಈ ಚೂರು ಒಂದೇ ನಿಗದಿತ ವೇಗದಲ್ಲಿ ಕಂಪಿಸುತ್ತದೆ. ರಿಮೋಟಿನಲ್ಲೊಂದು, ರಿಸೀವರಿನಲ್ಲೊಂದು ಒಂದೇ ಚಾನೆಲಿನ ಕ್ರಿಸ್ಟಲ್ ಹಾಕಿದರೆ ಜೋಡಿ ಕೂಡಿತು. 27 ಮೆಗಾಹರ್ಟ್ಸ್‌ನಲ್ಲಿ ಚಾನೆಲಿಗೊಂದು ಬಣ್ಣ: ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ. ಆ ಬಣ್ಣದ ಪುಟ್ಟ ಬಾವುಟವನ್ನು ಆಂಟೆನಾಕ್ಕೆ ಕಟ್ಟಿಕೊಳ್ಳುತ್ತಿದ್ದರು.

ಆದರೆ ಕ್ರಿಸ್ಟಲ್ ಗುರುತಿಸುವುದು ಚಾನೆಲನ್ನು, ಯಜಮಾನನನ್ನಲ್ಲ. ಒಬ್ಬರ ವಿಮಾನ ಮೇಲಿರುವಾಗ ಇನ್ನೊಬ್ಬರು ಅದೇ ಚಾನೆಲಿನ ರಿಮೋಟ್ ಆನ್ ಮಾಡಿದರೆ ವಿಮಾನ ಕೈತಪ್ಪಿ ನೆಲಕ್ಕೆ, ಕೆಲವೊಮ್ಮೆ ನಿಂತವರ ಮೇಲೇ ಬೀಳುವ ಅಪಾಯವಿತ್ತು. ಅದಕ್ಕೇ ಮೈದಾನಗಳಲ್ಲಿ ಒಂದು ಹಲಗೆ, ಅದರಲ್ಲಿ ಚಾನೆಲಿಗೊಂದು ಕ್ಲಿಪ್. ಕ್ಲಿಪ್ ಯಾರ ಕೈಲಿದೆಯೋ ಅವರು ಮಾತ್ರ ಆನ್ ಮಾಡಬೇಕು. ಒಂಟಿ ಹಳಿಯ ಮಾರ್ಗದಲ್ಲಿ ಸ್ಟೇಷನ್ ಮಾಸ್ಟರ್ ಕೊಡುತ್ತಿದ್ದ ಟೋಕನ್ನಿನ ಹಾಗೆ. ಇಡೀ ವ್ಯವಸ್ಥೆ ನಿಂತಿದ್ದದ್ದು ಮನುಷ್ಯರ ನಿಯತ್ತಿನ ಮೇಲೆ.

ರಿಮೋಟಿಗೆ ಹೆಸರು ಬಂತು

1985ರಲ್ಲಿ ಅಮೆರಿಕ 2.4 ಗಿಗಾಹರ್ಟ್ಸ್ ಸೇರಿದಂತೆ ಕೆಲವು ಪಟ್ಟಿಗಳಲ್ಲಿ ಸಂಕೇತವನ್ನು ಹರಡಿ ಕಳಿಸುವ ಉಪಕರಣಗಳಿಗೆ ಲೈಸೆನ್ಸ್ ಇಲ್ಲದೆ ಅವಕಾಶ ಕೊಟ್ಟಿತು. ವೈಫೈ ಬೆಳೆದದ್ದು ಇದೇ ದಾರಿಯಲ್ಲಿ. ಭಾರತದಲ್ಲೂ 2005ರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿ ಲೈಸೆನ್ಸ್‌ಮುಕ್ತವಾಯಿತು. ಅದೇ ವರ್ಷ ಸ್ಪೆಕ್ಟ್ರಂ ಕಂಪನಿ ಡಿಎಕ್ಸ್6 ಎಂಬ ರಿಮೋಟನ್ನು ಸಣ್ಣ ಮಾದರಿ ವಿಮಾನಗಳಿಗಾಗಿ ಮಾರುಕಟ್ಟೆಗೆ ತಂದಿತು.

ಅಲ್ಲಿಂದ ಪದ್ಧತಿಯೇ ಬದಲಾಯಿತು. ಈಗ ಪ್ರತಿ ಟ್ರಾನ್ಸ್‌ಮಿಟರಿಗೂ ತನ್ನದೇ ಗುರುತಿನ ಸಂಖ್ಯೆ ಇದೆ. ರಿಸೀವರನ್ನು ಬೈಂಡ್ ಸ್ಥಿತಿಗೆ ತಂದಾಗ ಅದರ ದೀಪ ಮಿಣುಕುತ್ತದೆ. ಟ್ರಾನ್ಸ್‌ಮಿಟರನ್ನೂ ಬೈಂಡ್ ಸ್ಥಿತಿಯಲ್ಲಿ ಆನ್ ಮಾಡಿದರೆ ಅದು ತನ್ನ ಸಂಖ್ಯೆ ಹೇಳುತ್ತದೆ, ರಿಸೀವರ್ ಅದನ್ನು ನೆನಪಿನಲ್ಲಿ ಬರೆದುಕೊಳ್ಳುತ್ತದೆ, ದೀಪ ಸ್ಥಿರವಾಗುತ್ತದೆ. ಆಮೇಲೆ ಬೇರೆ ಸಂಖ್ಯೆಯ ಆಜ್ಞೆ ಬಂದರೆ ಅದು ಲೆಕ್ಕಕ್ಕಿಲ್ಲ. ಅನೇಕ ರಿಮೋಟ್‌ಗಳು ಜೊತೆಗೆ ಆವರ್ತನದಿಂದ ಆವರ್ತನಕ್ಕೆ ಜಿಗಿಯುತ್ತಲೂ ಇರುತ್ತವೆ. ಲಮಾರ್ ಮತ್ತು ಆಂಥೈಲ್ ಕಾಗದದ ಸುರುಳಿಯಿಂದ ಮಾಡಹೊರಟದ್ದನ್ನು ಈಗ ಚಿಪ್ ಮಾಡುತ್ತದೆ. ಬಾವುಟ, ಹಲಗೆ, ಕ್ಲಿಪ್ ಮೂಲೆ ಸೇರಿದವು.

ಗಂಟು ಬೀಗವಲ್ಲ

ಈ ಇತಿಹಾಸ ಈಗ ನಮ್ಮ ಹೊಲದ ಬದುವಿಗೆ ಬಂದಿದೆ. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಯೋಜನೆಗೆ ಕೇಂದ್ರ ಸರ್ಕಾರ 2023ರಲ್ಲಿ ಒಪ್ಪಿಗೆ ಕೊಟ್ಟಿತು. ಹಾಗಾಗಿ ಎರಡು ಮಾತು ತಿಳಿದಿರಲಿ.

ಒಂದು, ಕೆಲವು ರಿಸೀವರ್‌ಗಳು ಗಂಟು ಹಾಕುವಾಗ ಸ್ಟಿಕ್ ಎಲ್ಲಿತ್ತೋ ಅದನ್ನೇ ನೆನಪಿಟ್ಟುಕೊಂಡು, ಸಿಗ್ನಲ್ ಕಡಿದಾಗ ಹಾಗೆಯೇ ನಡೆದುಕೊಳ್ಳುತ್ತವೆ. ಮಾದರಿ ವಿಮಾನದಲ್ಲಿ ಆ ಹೊತ್ತಿಗೆ ಥ್ರಾಟಲ್ ಮೇಲಿದ್ದರೆ, ಕೈತಪ್ಪಿದ ಮೇಲೂ ಅದು ಓಡುತ್ತಲೇ ಇರುತ್ತದೆ. ಆದ್ದರಿಂದ ಬೈಂಡ್ ಮಾಡುವಾಗ ರೆಕ್ಕೆ ಬಿಚ್ಚಿಡಿ, ಕೈಪಿಡಿಯಲ್ಲಿ ಹೇಳಿದಂತೆ ಸ್ಟಿಕ್ ಇಡಿ, ಹಾರಿಸುವ ಮೊದಲು ನೆಲದ ಮೇಲೆ ಪರೀಕ್ಷಿಸಿ. ಸೆಕೆಂಡ್ ಹ್ಯಾಂಡ್ ಕೊಂಡರೆ ಹಳೆಯ ರಿಮೋಟಿನ ಗಂಟು ಬಿಚ್ಚಿ, ಹೊಸದಾಗಿ ಹಾಕಿ.

ಎರಡು, ಗುರುತಿನ ಸಂಖ್ಯೆ ಎನ್ನುವುದು ಹೆಸರು, ಬೀಗವಲ್ಲ. ಹೆಸರನ್ನು ಬೇರೆಯವರೂ ಹೇಳಬಹುದು. 2016ರಲ್ಲಿ ಟೋಕಿಯೊದ ಒಂದು ಭದ್ರತಾ ಸಮ್ಮೇಳನದಲ್ಲಿ ಸಂಶೋಧಕರೊಬ್ಬರು ಪ್ರಚಲಿತ ರಿಮೋಟ್ ಪದ್ಧತಿಯೊಂದರ ಡ್ರೋನನ್ನು ಹಾರುತ್ತಿರುವಾಗಲೇ ತಮ್ಮ ವಶಕ್ಕೆ ತೆಗೆದುಕೊಳ್ಳುವ ವಿಧಾನ ತೋರಿಸಿದರು. ನಿಮ್ಮ ಸಂಘಕ್ಕೆ ಡ್ರೋನ್ ಬಂದಾಗ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಇದು ನಮ್ಮ ಮಾತನ್ನು ಮಾತ್ರ ಕೇಳುತ್ತದೆ ಎನ್ನಲು ಏನು ಖಾತರಿ ಎಂದೂ ಕೇಳಿ.