ಸ್ಟೋವಿನ ಪಿನ್ನು, ಲೂನಾದ ಜೆಟ್ಟು

ಹಿಮ ಬೀಳುವ ದೇಶಗಳಲ್ಲಿ ಮೋಟಾರ್ ಸೈಕಲ್ ಇಟ್ಟುಕೊಂಡವರಿಗೆ ವರ್ಷಕ್ಕೊಮ್ಮೆ ತಪ್ಪದ ಕೆಲಸವೊಂದಿದೆ. ಚಳಿಗಾಲ ಕಾಲಿಡುವ ಮೊದಲೇ ಗಾಡಿಯನ್ನು ಒಳಗೆ ಸೇರಿಸಿ, ಅದರ ಕಾರ್ಬೊರೇಟರನ್ನು ಬರಿದು ಮಾಡಿ, ತೊಳೆದು, ಮೂರು ನಾಲ್ಕು ತಿಂಗಳು ಹೊದಿಸಿ ಮಲಗಿಸುತ್ತಾರೆ. ನಮ್ಮ ಹೊಸಪೇಟೆಗೆ ಅಂಥ ಚಳಿಗಾಲ ಎಲ್ಲಿಂದ ಬರಬೇಕು? ಸಂಕ್ರಾಂತಿಯ ಹೊತ್ತಿಗೆ ಬೆಳಗಿನ ಜಾವ ಒಂದು ಶಾಲು ಹೊದ್ದರೆ ಮುಗಿಯಿತು. ಆದರೂ ಗಾಡಿ ಮಲಗಿಸುವ ಕೆಲಸ ನಮ್ಮ ಸೀಮೆಯಲ್ಲೂ ಇತ್ತು, ಋತು ಮಾತ್ರ ಬೇರೆ. ಶಾಲೆಯವರಿಗೆ ಅದು ಬೇಸಿಗೆ ರಜೆ. ಹಂಪಿಯಲ್ಲಿ ಮೊಪೆಡ್ ಬಾಡಿಗೆಗೆ ಕೊಡುವವರಿಗೆ ಪ್ರವಾಸಿಗರಿಲ್ಲದ ಮಳೆಗಾಲ. ಕಂಪ್ಲಿಯವರಿಗೆ, ತುಂಗಭದ್ರೆ ಉಕ್ಕಿ ಗಂಗಾವತಿಗೆ ಹೋಗುವ ಸೇತುವೆಯನ್ನೇ ಮುಳುಗಿಸಿ ಹರಿಯುವ ದಿನಗಳು.

ಕಾರ್ಬೊರೇಟರ್ ಎಂದರೆ ಗಂಡಸರ ವಿಷಯ ಎಂದು ಪುಟ ತಿರುಗಿಸಬೇಡಿ. ಅದು ನಮ್ಮ ಅಡುಗೆಮನೆಗೆ ತೀರ ಹತ್ತಿರದ ವಸ್ತು. ಪೆಟ್ರೋಲನ್ನು ಗಾಳಿಯಲ್ಲಿ ಬೆರೆಸಿ ಎಂಜಿನ್ನಿಗೆ ಬಡಿಸುವುದಷ್ಟೇ ಅದರ ಕೆಲಸ. ಅನ್ನಕ್ಕೆ ನೀರಿನ ಅಳತೆ ಇರುವಂತೆ ಇದಕ್ಕೂ ಒಂದು ಅಳತೆ: 1 ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕು. ಅದರ ಅಡಿಯಲ್ಲಿ ಒಂದು ಪುಟ್ಟ ಬಟ್ಟಲು. ಬಟ್ಟಲಲ್ಲಿ ತೇಲುವ ಫ್ಲೋಟು, ಮನೆಯ ಮೇಲಿನ ಟ್ಯಾಂಕಿನ ಚೆಂಡಿನಂತೆ, ತುಂಬಿದೊಡನೆ ಮೇಲೆದ್ದು ಪೆಟ್ರೋಲಿನ ದಾರಿ ಮುಚ್ಚುತ್ತದೆ. ಬಟ್ಟಲಿನ ಮೇಲೆ ಗಾಳಿ ಹಾಯುವ ಕೊಳವೆ, ನಡುವೆ ಅದಕ್ಕೊಂದು ಕಿರಿದಾದ ಕುತ್ತಿಗೆ. ಹಂಪಿಯ ಬಂಡೆಗಳ ನಡುವೆ ಹೊಳೆ ಕಿರಿದಾದಲ್ಲಿ ನೀರಿನ ಸೆಳೆತ ಹೆಚ್ಚುವುದು ಹರಿಗೋಲಿನವರಿಗೆಲ್ಲ ಗೊತ್ತು. ಗಾಳಿಯೂ ಹಾಗೆಯೇ ಆ ಕುತ್ತಿಗೆಯಲ್ಲಿ ರಭಸ ಪಡೆದು, ಹಿತ್ತಾಳೆಯ ಒಂದು ಸಣ್ಣ ತೂತಿನಿಂದ ಪೆಟ್ರೋಲನ್ನು ಸೆಳೆದು ತುಂತುರಾಗಿಸುತ್ತದೆ. ಆ ತೂತಿನ ಬಿಲ್ಲೆಗೆ ಜೆಟ್ ಎಂದು ಹೆಸರು. ಸಣ್ಣ ಗಾಡಿಗಳಲ್ಲಿ ತೂತಿನ ಅಗಲ ಒಂದು ಮಿಲಿಮೀಟರೂ ಇರುವುದಿಲ್ಲ.

ಗಾಡಿ ನಿಂತರೆ ಕೆಡುವುದು ಈ ತೂತೇ. ಬಟ್ಟಲಲ್ಲಿ ಉಳಿದ ಪೆಟ್ರೋಲು ದಿನಗಳೆದಂತೆ ಆವಿಯಾಗಿ, ತಳದಲ್ಲಿ ಗೋಂದಿನಂಥ ಕಂದು ಅಂಟನ್ನು ಬಿಟ್ಟುಹೋಗುತ್ತದೆ. ಪೆಟ್ರೋಲಿಗೆ ಆಯಿಲ್ ಬೆರೆಸುವ ಗಾಡಿಯಾದರೆ ಅದೂ ಸೇರಿ ಅಂಟು ಇನ್ನಷ್ಟು ಗಟ್ಟಿ. ಚಳಿದೇಶದಲ್ಲಿ ಇದಕ್ಕೆ ತಿಂಗಳುಗಳು ಬೇಕು. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಕೆಲವು ವಾರಗಳೇ ಸಾಕು.

ಈ ಯಂತ್ರದ ಹುಟ್ಟಿನ ಬಗ್ಗೆ ಒಂದು ಕತೆಯಿದೆ. ಬುಡಾಪೆಸ್ಟಿನಲ್ಲಿ ದೊನಾತ್ ಬಾಂಕಿ, ಯಾನೋಶ್ ಚೊಂಕಾ ಎಂಬ ಇಬ್ಬರು ಎಂಜಿನಿಯರರು ಒಂದು ಸಂಜೆ ನಡೆದು ಹೋಗುತ್ತಿದ್ದಾಗ, ಹೂ ಮಾರುವ ಹುಡುಗಿಯೊಬ್ಬಳು ಸಣ್ಣ ಕೊಳವೆಯಿಂದ ಊದಿ ಹೂಗಳ ಮೇಲೆ ನೀರು ಚಿಮುಕಿಸುವುದನ್ನು ಕಂಡರಂತೆ. ಆ ತುಂತುರೇ ಅವರ ಕಾರ್ಬೊರೇಟರಿಗೆ ದಾರಿ ತೋರಿತಂತೆ. ಕತೆ ಎಷ್ಟು ನಿಜವೋ. 1893ರಲ್ಲಿ ಅವರು ಪೇಟೆಂಟಿಗೆ ಅರ್ಜಿ ಹಾಕಿದ್ದು ನಿಜ, ಜರ್ಮನಿಯ ಮೈಬಾಖ್ ಕೂಡ ಅದೇ ವರ್ಷ ಅಂಥದೇ ಸಾಧನ ರೂಪಿಸಿದ್ದೂ ನಿಜ. ಪೇಟೆಂಟಿನಲ್ಲಿ ಹೂವಿನ ಹುಡುಗಿಯ ಹೆಸರಿಲ್ಲ. ಇರುತ್ತದೆಂದು ನೀವೂ ನಿರೀಕ್ಷಿಸಿರಲಿಕ್ಕಿಲ್ಲ.

ಬೆರ್ಥಾ ಬೆಂಜಳದು ಹಾಗಲ್ಲ, ಅದು ನಡೆದ ಸಂಗತಿ. ಮದುವೆಗೆ ಮುಂಚೆಯೇ ತನ್ನ ವರದಕ್ಷಿಣೆಯ ಹಣವನ್ನು ಕಾರ್ಲ್ ಬೆಂಜನ ಕಾರ್ಖಾನೆಗೆ ಸುರಿದವಳು ಆಕೆ. 1886ರಲ್ಲಿ ಆತನ ಮೋಟಾರು ಗಾಡಿಗೆ ಪೇಟೆಂಟ್ ಸಿಕ್ಕಿತು, ಕೊಳ್ಳುವವರು ಮಾತ್ರ ಸಿಗಲಿಲ್ಲ. 1888ರ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಆಕೆ ಮಾನ್‌ಹೈಮಿನಿಂದ ತವರಾದ ಫೋರ್ಟ್ಸ್‌ಹೈಮಿಗೆ ಆ ಗಾಡಿಯಲ್ಲಿ ಹೊರಟಳು. ಸುಮಾರು 100 ಕಿಲೋಮೀಟರು. ಇಂಧನ ಮುಗಿದಾಗ ವೀಸ್ಲೊಖ್ ಎಂಬ ಊರಿನ ಔಷಧದಂಗಡಿಯಲ್ಲಿ ಬಟ್ಟೆಯ ಕಲೆ ತೆಗೆಯುವ ದ್ರಾವಣವನ್ನೇ ಕೊಂಡು ತುಂಬಿಸಿದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಿತು. ಟೋಪಿಗೆ ಚುಚ್ಚಿದ್ದ ಪಿನ್ನು ತೆಗೆದು ಅದನ್ನು ಬಿಡಿಸಿದಳು! ಮೋಟಾರು ಗಾಡಿಯ ಮೊದಲ ದೂರಪ್ರಯಾಣದ ಮೊದಲ ರಿಪೇರಿ ನಡೆದದ್ದು ಹೆಂಗಸಿನ ಪಿನ್ನಿನಿಂದ. ಅದೂ ತವರಿಗೆ ಹೋಗುವ ದಾರಿಯಲ್ಲಿ.

ಆ ಪಿನ್ನಿನ ವಿಷಯ ಓದಿದಾಗಲೆಲ್ಲ ನನಗೆ ನಮ್ಮಮ್ಮನ ಸ್ಟೋವಿನ ಪಿನ್ನು ನೆನಪಾಗುತ್ತದೆ. ಪಂಪ್ ಸ್ಟೋವನ್ನು 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಎಂಬಾತ ರೂಪಿಸಿದ, ಕಾರ್ಬೊರೇಟರಿಗೆ ಹೆಚ್ಚು ಕಡಿಮೆ ಓರಗೆಯದು. ಅದರಲ್ಲೂ ಒಂದು ಹಿತ್ತಾಳೆ ನಿಪ್ಪಲ್, ಅದಕ್ಕೂ ಕೂದಲಿನಷ್ಟು ತೂತು. ಮಸಿ ಕಟ್ಟಿದರೆ ತಗಡಿನ ಹಿಡಿಯ ತುದಿಯಲ್ಲಿದ್ದ ತಂತಿಯಿಂದ ಚುಚ್ಚಬೇಕು. ಗ್ಯಾಸು ಬರುವ ಮುನ್ನ ಪಟ್ಟಣದ ಮನೆಗಳಲ್ಲಿ ಈ ಕೆಲಸ ಮಾಡದ ಹೆಂಗಸರು ಕಡಿಮೆ.

1981ರಲ್ಲಿ ಅಪ್ಪ ತೀರಿಕೊಂಡರು. ಅಮ್ಮ ಕಮಲಾಪುರದಲ್ಲಿ ಶಾಲೆಯ ಟೀಚರು. ಮನೆ ಹೊಸಪೇಟೆಯಲ್ಲಿ, ನಡುವೆ 12 ಕಿಲೋಮೀಟರು. ಬಸ್ಸು ನಂಬಿ ಎರಡು ಮಕ್ಕಳನ್ನೂ ಶಾಲೆಯನ್ನೂ ಸಂಭಾಳಿಸಲಾಗದೆ, ಎರಡು ವರ್ಷದ ಮೇಲೆ ಒಂದು ಲೂನಾ ಕೊಂಡಳು. ಪುಣೆಯ ಕೈನೆಟಿಕ್ ಕಂಪನಿ 1972ರಲ್ಲಿ ತಂದ ಆ ಲೂನಾದ ಉಪಕಾರ ದೊಡ್ಡದು. ಗೇರಿಲ್ಲ, ಕಿಕ್ಕಿಲ್ಲ, ಸೈಕಲ್ಲಿನಂತೆ ತುಳಿದರೆ ಚಾಲೂ. ಗಂಡ ಸತ್ತವಳು ಗಾಡಿ ಏರುತ್ತಾಳೆಂದು ಓಣಿಯಲ್ಲಿ ಒಂದಷ್ಟು ದಿನ ಮಾತಾಯಿತು, ಆಮೇಲೆ ಅದೇ ಓಣಿಯವರು ‘ಟೀಚರ್, ಬರುವಾಗ ಕಮಲಾಪುರದ ಬಾಳೆಹಣ್ಣು ತರ್ರಿ’ ಎನ್ನತೊಡಗಿದರು.

ಮೊದಲ ಬೇಸಿಗೆ ರಜೆಗೆ ಲೂನಾವನ್ನು ಹಾಗೆಯೇ ನಿಲ್ಲಿಸಿ ಎಲ್ಲರೂ ಅಜ್ಜಿಮನೆ ಸಂಡೂರಿಗೆ ಹೋದೆವು. ಜೂನ್ ಮೊದಲ ದಿನ ಅದು ಚಾಲೂ ಆಗಲಿಲ್ಲ. ಅಮ್ಮ 12 ಕಿಲೋಮೀಟರನ್ನೂ ಪೆಡಲು ತುಳಿದೇ ಹೋದಳು. ಆ ಭಾರದ ಗಾಡಿಯನ್ನು ತುಳಿದು ನೋಡಿದವರಿಗೆ ಮಾತ್ರ ಅದರ ಅರ್ಥ ತಿಳಿದೀತು. ತಡವಾಯಿತೆಂದು ಅರ್ಧ ದಿನದ ರಜೆ ಹೋಯಿತು. ಸಂಜೆ ಮೆಕ್ಯಾನಿಕ್ಕಿನ ಬಳಿ ಒಯ್ದರೆ ಹತ್ತು ನಿಮಿಷದಲ್ಲಿ ಏನೋ ಬಿಚ್ಚಿ, ಊದಿ, ಹಾಕಿ ಕೊಟ್ಟ. ‘ಏನಾಗಿತ್ತಪ್ಪಾ?’ ಎಂದು ಅಮ್ಮ ಕೇಳಿದರೆ, ‘ಹೆಣ್ಮಕ್ಕಳಿಗೆ ತಿಳಿಯೋ ಕೆಲಸ ಅಲ್ಲ ಬಿಡ್ರಿ’ ಎಂದ. ತೆಗೆದುಕೊಂಡ ದುಡ್ಡಿಗಿಂತ ಆ ಮಾತು ಅವಳಿಗೆ ಹೆಚ್ಚು ದುಬಾರಿಯೆನಿಸಿತು.

ಮರುವರ್ಷ ಸಂಡೂರಿನಲ್ಲಿ ಗುಟ್ಟು ಬಯಲಾಯಿತು. ಸೋದರಮಾವನ ಬಳಿ ಹಳೆಯ ಜಾವಾ ಇತ್ತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಆ ಗಾಡಿಗಳನ್ನು ಮಾಡುತ್ತಿತ್ತು, 1973ರಿಂದ ಅವು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಚೆಕೋಸ್ಲೊವಾಕಿಯಾ ಮೂಲದ ಗಾಡಿ, ಅದರ ಕಾರ್ಬೊರೇಟರೂ ಅಲ್ಲಿನದೇ ಯಿಕೋವ್ ಮಾದರಿ. ಬೊಹೀಮಿಯಾದ ಹಿಮದಲ್ಲಿ ಹುಟ್ಟಿದ ಅದು ಸಂಡೂರಿನಲ್ಲಿ ಉಣ್ಣುತ್ತಿದ್ದುದು ಅದಿರಿನ ಧೂಳು. ಮಾವ ಏರ್ ಫಿಲ್ಟರನ್ನು ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡಿದರೆ ಕುಂಕುಮ ಕದಡಿದಂಥ ಕೆಂಪು. ಆಮೇಲೆ ಕಾರ್ಬೊರೇಟರ್ ಬಿಚ್ಚಿ, ಜೆಟ್ ತೆಗೆದು, ಅಡುಗೆಮನೆಯಿಂದ ತಂದ ಸ್ಟೋವಿನ ಪಿನ್ನನ್ನು ಅದಕ್ಕೆ ಚುಚ್ಚಲು ಹೊರಟ. ಹಪ್ಪಳ ಲಟ್ಟಿಸುತ್ತಿದ್ದ ಅಮ್ಮ ಅಲ್ಲಿಂದಲೇ ಕೂಗಿದಳು.

‘ಪಿನ್ನು ಹಾಕಬ್ಯಾಡೋ. ನಿಪ್ಪಲ್ ತೂತು ದೊಡ್ಡದಾದ್ರ ಉರಿ ಕೆಂಪಗಾಗಿ ಪಾತ್ರಿ ಎಲ್ಲಾ ಮಸಿ ಹಿಡೀತದ. ಅದೂ ಹಂಗ ಅಲ್ಲೇನು?’

‘ಅಕ್ಕಾ, ಇದು ಗಾಡಿ, ನಿನ್ನ ಒಲಿ ಅಲ್ಲ.’

ಆದರೆ ಅವನ ಕೈ ನಿಂತಿತು. ಅಮ್ಮ ಹೇಳಿದ್ದು ಸರಿಯಿತ್ತು. ಹಿತ್ತಾಳೆ ಮೆತ್ತಗಿನ ಲೋಹ, ಉಕ್ಕಿನ ಪಿನ್ನು ಆಡಿಸಿದರೆ ತೂತು ಸವೆಯುತ್ತದೆ. ಪೆಟ್ರೋಲು ಹೆಚ್ಚು ಹರಿದು ಹೊಗೆ ಕಪ್ಪಾಗುತ್ತದೆ, ಪ್ಲಗ್ಗು ಮಸಿ ಹಿಡಿಯುತ್ತದೆ. ಅಮ್ಮ ಹಳೆಯ ಕರೆಂಟ್ ವೈರಿನ ತಾಮ್ರದ ಒಂದೆಳೆ ಬಿಡಿಸಿ ಕೊಟ್ಟಳು. ಅವತ್ತು ಅವಳು ತಮ್ಮನ ಪಕ್ಕದಲ್ಲೇ ಕುಳಿತು, ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಇಡುತ್ತಾ ಹೋದಳು. ಜೋಡಿಸುವಾಗ ತಟ್ಟೆಯನ್ನು ತಾನೇ ತಿರುಗಿಸಿಕೊಂಡಳು.

ಅವಳ ಮನೆಲೆಕ್ಕದ ಪುಸ್ತಕಗಳು ಈಗ ನನ್ನಲ್ಲಿವೆ. ಪ್ರತಿ ಏಪ್ರಿಲ್ಲಿನಲ್ಲೂ ಸಾಲುಗಳು ಒಂದೇ ಬಗೆ: ‘ಮಾವಿನಕಾಯಿ 100. ಉಪ್ಪು. ಸಂಡಿಗೆ ಅಕ್ಕಿ. ಲೂನಾ ತೊಳೆದು ಇಟ್ಟದ್ದು.’ ಅವಳಿಗೆ ಅದು ಬೇಸಿಗೆಯ ಕೆಡದಂತೆ ಕಾಪಿಡುವ ಕೆಲಸಗಳಲ್ಲಿ ಇನ್ನೊಂದು, ಅಷ್ಟೆ. ಮೊದಲು ಪೆಟ್ರೋಲಿನ ನಲ್ಲಿ ಮುಚ್ಚಿ, ಗಾಡಿ ತಾನಾಗಿ ಆರುವವರೆಗೆ ಓಡಿಸುವುದು. ಬಟ್ಟಲು ಬಿಚ್ಚಿ ಉಳಿದ ಹನಿಗಳನ್ನು ಚೆಲ್ಲುವುದು. ಜೆಟ್ಟಿನ ಗಾಡಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರೇ ಬೇಕು, ಇಲ್ಲವಾದರೆ ಹಿತ್ತಾಳೆ ಕಿತ್ತುಬರುತ್ತದೆ. ಫ್ಲೋಟನ್ನು ಕಿವಿಯ ಬಳಿ ಅಲುಗಿಸುತ್ತಿದ್ದಳು, ತೆಂಗಿನಕಾಯಿ ನೋಡುವ ಹಾಗೆ. ಒಳಗೆ ಗುಳುಗುಳು ಎಂದರೆ ಅದು ಸೋರಿದೆ, ತೇಲುವುದಿಲ್ಲ. ಕಾರ್ಡಿನ ಸೀಮೆಎಣ್ಣೆಯಲ್ಲಿ ಒಂದು ಲೋಟ ಇದಕ್ಕೆ ಮೀಸಲು. ಒರೆಸಲು ಹಳೆಯ ವಾಯಿಲ್ ಸೀರೆಯ ತುಂಡು, ಎಳೆ ಬಿಡುವ ಟರ್ಕಿ ಬಟ್ಟೆ ಕೂಡದು. ಇದೆಲ್ಲ ಹಿತ್ತಲಿನ ಬಯಲಲ್ಲಿ, ಮನೆಯೊಳಗಿನ ಒಲೆ ಆರಿದ ಮೇಲೆ. ಕೊನೆಗೆ ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕುವುದು, ಏಕೆಂದರೆ ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಯಾವ ತೂತಾದರೂ ಆದೀತು. ಮತ್ತೆಂದೂ ಜೂನ್ ಮೊದಲ ದಿನ ಅವಳು ಶಾಲೆಗೆ ತಡವಾಗಿ ಹೋಗಲಿಲ್ಲ. ನೆಂಟರ ಬಾಯಲ್ಲಿ ಮಾತ್ರ ಇಂದಿಗೂ, ‘ಅವಳ ಲೂನಾವನ್ನು ತಮ್ಮ ಎಷ್ಟು ಚೆನ್ನಾಗಿ ನೋಡಿಕೊಂಡ!’

ಸಂಡೂರಿನ ಧೂಳಿನ ಮಾತು ಬಂತು. ಆ ಕಾಲದ ಧೂಳು ಏನೂ ಅಲ್ಲ. 2000ದ ನಂತರ ಚೀನಾಕ್ಕೆ ಅದಿರು ಹೋಗತೊಡಗಿದ ಮೇಲೆ ಹೊಸಪೇಟೆ-ಸಂಡೂರು ರಸ್ತೆಯಲ್ಲಿ ಲಾರಿಗಳ ಸಾಲು ಕಡಿಯುತ್ತಿರಲಿಲ್ಲ. ಒಣಹಾಕಿದ ಬಟ್ಟೆ, ತುಳಸಿಕಟ್ಟೆ, ಗಾಡಿಯ ಫಿಲ್ಟರು ಎಲ್ಲಕ್ಕೂ ಒಂದೇ ಬಣ್ಣ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಬಟ್ಟೆ ಬೆಳ್ಳಗಾಯಿತು, ಎಷ್ಟೋ ಮನೆಗಳ ದುಡಿಮೆಯೂ ನಿಂತಿತು. ಈಗ ಜಿಲ್ಲೆಯೇ ಎರಡಾಗಿ, 2021ರಿಂದ ಹೊಸಪೇಟೆ ವಿಜಯನಗರಕ್ಕೆ, ಸಂಡೂರು-ಕಂಪ್ಲಿ ಬಳ್ಳಾರಿಗೆ.

ಕಾರ್ಬೊರೇಟರಿನ ಕಾಲ ಮುಗಿದ ದಿನವನ್ನು ನಾವು ಹೆಚ್ಚು ಕಡಿಮೆ ಗುರುತು ಹಾಕಿ ಹೇಳಬಹುದು. 2020ರ ಏಪ್ರಿಲ್ 1ರಿಂದ ಹೊಗೆಯ ಹೊಸ ನಿಯಮ ಬಿ.ಎಸ್. 6 ಜಾರಿಗೆ ಬಂತು. ಹೊಸ ಗಾಡಿಗಳಲ್ಲಿ ಗಂಟಲಿನ ಸೆಳೆತದ ಬದಲು ಕಂಪ್ಯೂಟರಿನ ಅಳತೆಯಲ್ಲಿ ಪೆಟ್ರೋಲು ಚಿಮ್ಮಿಸುವ ಇಂಜೆಕ್ಷನ್ ಬಂತು. ಅದಕ್ಕೆ ಒಂದು ವಾರ ಮೊದಲು, ಮಾರ್ಚ್ 25ರಿಂದ, ಇಡೀ ದೇಶ ಬೀಗ ಹಾಕಿಕೊಂಡಿತ್ತು. ಹೀಗಾಗಿ ಕಾರ್ಬೊರೇಟರಿನ ಕೊನೆಯ ತಲೆಮಾರಿನ ಗಾಡಿಗಳೆಲ್ಲ ಒಟ್ಟಿಗೆ, ಯಾರೂ ಬಟ್ಟಲು ಬರಿದು ಮಾಡದೆ, ಉರಿಬಿಸಿಲಿನಲ್ಲಿ ಎರಡು ತಿಂಗಳು ನಿಂತವು.

ನಮ್ಮ ಎದುರು ಮನೆಯ ಸ್ಕೂಟಿಯೂ ನಿಂತಿತ್ತು. ಆ ಮನೆಯ ಯಜಮಾನರು ಬೇರೆ ಊರಿನಲ್ಲಿ ಸಿಕ್ಕಿಕೊಂಡಿದ್ದರು. ಮಗಳಿಗೆ ಎಸ್ಸೆಸ್ಸೆಲ್ಸಿ. ಮುಂದೂಡಿದ ಪರೀಕ್ಷೆ ಜೂನ್ 25ಕ್ಕೆ ಎಂದು ಗೊತ್ತಾದಾಗ ಬಸ್ಸು ಹತ್ತಿಸಲು ತಾಯಿಗೆ ಧೈರ್ಯವಿಲ್ಲ, ಗಾಡಿ ಎದ್ದೇಳುತ್ತಿಲ್ಲ, ಗ್ಯಾರೇಜಿನ ಮುಂದೆ ಅಂಥ ಗಾಡಿಗಳ ಸಾಲು. ಪರೀಕ್ಷೆಗೆ ಮೂರು ದಿನವಿರುವಾಗ ಆಕೆ ಮಾಸ್ಕು ಹಾಕಿಕೊಂಡು ಗೇಟಿನಾಚೆ ನಿಂತು, ‘ಅಕ್ಕಾ, ನಿಮ್ಮಮ್ಮ ಏನೋ ಮಾಡ್ತಿದ್ರಂತಲ್ಲ’ ಎಂದಳು.

ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ಬಿಚ್ಚಿದೆವು. ಬಟ್ಟಲಿನ ತಳದಲ್ಲಿ ಬೆಲ್ಲದ ಪಾಕ ಹಿಡಿದಂಥ ಅಂಟು. ಹುಡುಗಿ ದೂರ ಕುಳಿತು ನೋಡುತ್ತಿದ್ದವಳು ಹತ್ತಿರ ಬಂದು ಜೆಟ್ಟನ್ನು ತಾನೇ ತೊಳೆದಳು. ತಾಮ್ರದೆಳೆ ಹಾಯಿಸಿ, ಸೂರ್ಯನ ಕಡೆಗಲ್ಲ, ಬೆಳ್ಳಗಿನ ಗೋಡೆಯ ಕಡೆಗೆ ಹಿಡಿದು ನೋಡಲು ಹೇಳಿದೆ. ‘ಏನೂ ಕಾಣವಲ್ದು ಆಂಟಿ’ ಎಂದಳು. ಮತ್ತೆ ನೆನೆಹಾಕಿ ಊದಿದ ಮೇಲೆ, ‘ಹಾಂ, ಚುಕ್ಕಿ ಕಂಡ್ತು!’

ಈಗ ಆಕೆ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಅದೇ ಸ್ಕೂಟಿ ಇಲ್ಲೇ ಇದೆ, ಹಬ್ಬಕ್ಕೆ ಬಂದಾಗ ಓಡಿಸಿ ಮತ್ತೆ ಮಲಗಿಸಿ ಹೋಗುತ್ತಾಳೆ. ಇಂದಿನ ಪೆಟ್ರೋಲಿನಲ್ಲಿ ಕಬ್ಬು, ಜೋಳ, ಅಕ್ಕಿಯಿಂದ ತೆಗೆದ ಎಥನಾಲ್ ನೂರಕ್ಕೆ 20ರಷ್ಟು ಬೆರೆತಿರುತ್ತದೆ. ಅದು ಗಾಳಿಯ ತೇವ ಹೀರುತ್ತದೆ, ನಿಂತಲ್ಲಿ ನೀರು ತಳಕ್ಕಿಳಿಯುತ್ತದೆ, ಹಳೆಯ ಗಾಡಿಗಳ ರಬ್ಬರು ಉಬ್ಬುತ್ತದೆ. ಅಮ್ಮನ ಪುಸ್ತಕದಲ್ಲಿ ಇದಕ್ಕೆ ಸಾಲಿಲ್ಲ. ಕಳೆದ ದೀಪಾವಳಿ ಮುಗಿಸಿ ಹೊರಡುವ ಮುನ್ನ ಹುಡುಗಿ ಫೋನು ಮಾಡಿ, ‘ಬಟ್ಟಲು ಖಾಲಿ ಮಾಡೀನಿ. ಟ್ಯಾಂಕು ತುಂಬಿಸಿ ಇಡಬೇಕೋ, ಬ್ಯಾಡೋ ಆಂಟಿ?’ ಎಂದು ಕೇಳಿದಳು.

ತಿಂಗಳೊಳಗೆ ಬರುವುದಾದರೆ ಕಂಠಮಟ್ಟ ತುಂಬಿಸು, ತೇವದ ಗಾಳಿಗೆ ಜಾಗ ಸಿಗಬಾರದು. ಯುಗಾದಿಗೇ ಬರುವುದಾದರೆ ಟ್ಯಾಂಕನ್ನೂ ಬರಿದು ಮಾಡಿ, ತೆಗೆದ ಪೆಟ್ರೋಲನ್ನು ಯಾರ ಗಾಡಿಗಾದರೂ ಹಾಕಿಬಿಡು ಎಂದೆ. ಯುಗಾದಿಗೆ, ಎಂದಳು. ಅರ್ಧ ಗಂಟೆಯಲ್ಲಿ ಎರಡು ಲೀಟರಿನ ಡಬ್ಬಿ ನಮ್ಮ ಗೇಟಿನ ಬಳಿ ಇತ್ತು.