ಮೇಲುಕೋಟೆ: ಐತಿಹ್ಯ ಉಳಿಸಿಕೊಂಡ ಋಣ

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಕಥೆಯಿಲ್ಲದ ಕಲ್ಲು ಸಿಗುವುದು ಕಷ್ಟ. ಧನುಷ್ಕೋಟಿಯ ಬಂಡೆಯಲ್ಲಿ ನೀರು ಬಂದದ್ದು ರಾಮ ಬಾಣ ಬಿಟ್ಟಾಗ. ಅಕ್ಕತಂಗಿ ಕೊಳಗಳಲ್ಲಿ ಒಂದರ ನೀರು ತಿಳಿ, ಪಕ್ಕದ್ದು ಕಲಕು. ಕಟ್ಟಿಸಿದವರ ಮನಸ್ಸಿನಂತೆ ನೀರು ಅನ್ನುತ್ತಾರೆ. ಇಲ್ಲಿ ಸಿಗುವ ನಾಮದ ಬಿಳಿ ಮಣ್ಣನ್ನು ಗರುಡ ಶ್ವೇತದ್ವೀಪದಿಂದ ತಂದನಂತೆ. ಆ ಮಣ್ಣು ಹಿಂದೆ ಕಾಶಿಯವರೆಗೂ ಹೋಗುತ್ತಿತ್ತು.

ಊರಿನ ದೊಡ್ಡ ಕಥೆ ರಾಮಾನುಜಾಚಾರ್ಯರದು. ತಮಿಳುನಾಡಿನಿಂದ ಹೊಯ್ಸಳರ ಸೀಮೆಗೆ ಬಂದ ಆಚಾರ್ಯರು 12ನೇ ಶತಮಾನದ ಮೊದಲ ಭಾಗದಲ್ಲಿ, ವಿಷ್ಣುವರ್ಧನನ ಕಾಲದಲ್ಲಿ, ಇಲ್ಲಿ ನೆಲೆಸಿದರು. ಹುತ್ತದಲ್ಲಿ ಹುದುಗಿದ್ದ ತಿರುನಾರಾಯಣನ ಮೂಲಮೂರ್ತಿ ಅವರಿಗೆ ಸಿಕ್ಕಿತು. ಉತ್ಸವಮೂರ್ತಿ ಮಾತ್ರ ದೆಹಲಿಯ ಬಾದಶಹನ ಅರಮನೆಯಲ್ಲಿತ್ತು. ಅವನ ಮಗಳು ಅದನ್ನು ಬೊಂಬೆಯಂತೆ ಮುದ್ದು ಮಾಡುತ್ತಿದ್ದಳು. ಆಚಾರ್ಯರು ಅಲ್ಲಿಗೆ ಹೋಗಿ ‘ಬಾರೋ ಚೆಲುವಪಿಳ್ಳೆ’ ಎಂದು ಕರೆದರೆ ಮೂರ್ತಿಯೇ ನಡೆದು ಬಂದು ಅವರ ತೊಡೆಯೇರಿತು. ಅಗಲಿಕೆ ತಾಳದ ಹುಡುಗಿ ಹಿಂದೆಯೇ ಹೊರಟು ಬಂದು ಸ್ವಾಮಿಯಲ್ಲಿ ಐಕ್ಯಳಾದಳು.

ಇಸವಿ ಹಿಡಿದು ನೋಡಿದರೆ ಈ ಕಥೆ ನಿಲ್ಲುವುದಿಲ್ಲ. ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆ ಶುರುವಾದದ್ದು 1206ರಲ್ಲಿ. ಸಂಪ್ರದಾಯದ ಲೆಕ್ಕದಲ್ಲೇ ಆಚಾರ್ಯರು ತೀರಿಕೊಂಡದ್ದು 1137ರಲ್ಲಿ. ಹಾಗೆಂದು ಕಥೆಯನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬೀಬಿ ನಾಚಿಯಾರ್ ಎಂಬ ಹೆಸರಿನಲ್ಲಿ ಆ ತುರುಕರ ಹುಡುಗಿ ಇಂದಿಗೂ ಉತ್ಸವಮೂರ್ತಿ ಚೆಲುವನಾರಾಯಣನ ಪಾದದ ಬಳಿ ಇದ್ದಾಳೆ, ಪೂಜೆ ಪಡೆಯುತ್ತಾಳೆ. ಮೂರ್ತಿಯನ್ನು ತರುವ ದಾರಿಯಲ್ಲಿ ನೆರವಾದ ಅಸ್ಪೃಶ್ಯರನ್ನು ಆಚಾರ್ಯರು ‘ತಿರುಕುಲದವರು’ ಎಂದು ಕರೆದರು. ಬೇರೆ ಗುಡಿಗಳು ಬಾಗಿಲು ಮುಚ್ಚಿದ್ದ ಕಾಲದಲ್ಲೂ ವರ್ಷಕ್ಕೆ ಮೂರು ದಿನ ಅವರಿಗೆ ಇಲ್ಲಿ ಪ್ರವೇಶವಿತ್ತು. ಮೂರೇ ದಿನ ಏಕೆ ಎಂದು ಕೇಳಲೇಬೇಕು. ಆದರೆ ಆ ಮೂರು ದಿನವನ್ನಾದರೂ ಕಾಪಾಡಿದ್ದು ಇಸವಿ ತಪ್ಪಿದ ಈ ಕಥೆಯೇ.

ಕಥೆಯಾಗದೆ ಉಳಿದ ಘಟನೆಗಳೂ ಇವೆ. 1771ರಲ್ಲಿ ಚಿನಕುರಳಿಯ ಬಳಿ ಹೈದರಾಲಿಯನ್ನು ಸೋಲಿಸಿದ ಮರಾಠರು ಬೆಟ್ಟ ಹತ್ತಿ ಊರನ್ನು ಲೂಟಿ ಮಾಡಿದರು. ಕಬ್ಬಿಣದ ಆಸೆಗೆ ತೇರುಗಳಿಗೆ ಬೆಂಕಿಯಿಟ್ಟರು; ಆ ಬೆಂಕಿ ಗುಡಿಗೂ ಹಬ್ಬಿತು. ಕಲ್ಯಾಣಿಯ ಮೆಟ್ಟಿಲಲ್ಲಿ ಕೂತು ಪುಳಿಯೋಗರೆ ತಿನ್ನುವವರಲ್ಲಿ ಇದನ್ನು ಬಲ್ಲವರು ಕಡಿಮೆ.

ಮೈಸೂರು ಅರಸರ ನೆನಪೂ ಇಲ್ಲಿ ಗಾಢ. ರಾಜಮುಡಿ ಕಿರೀಟ ಕೊಟ್ಟ ರಾಜ ಒಡೆಯರು 1617ರಲ್ಲಿ ಗರ್ಭಗುಡಿ ಹೊಕ್ಕು ಕಾಣದಾದರು ಎಂಬ ನಂಬಿಕೆಯಿದೆ. ಗುಡಿಯ ಕಂಬದಲ್ಲಿ ಅವರ ಉಬ್ಬುಶಿಲ್ಪವಿದೆ. ವೈರಮುಡಿ ಕಿರೀಟವನ್ನು ಮಾತ್ರ ಗರುಡನೇ ತಂದನಂತೆ. ಅದಿರುವುದು ಸರ್ಕಾರದ ಖಜಾನೆಯಲ್ಲಿ. ಫಾಲ್ಗುಣದ ಉತ್ಸವಕ್ಕೆ ಪೊಲೀಸ್ ಕಾವಲಿನಲ್ಲಿ ಮಂಡ್ಯದಿಂದ ಬರುತ್ತದೆ. ಸ್ವಾಮಿಗೆ ಮುಡಿಸುವ ಮೊದಲು ಅದನ್ನು ಯಾರೂ ಕಣ್ಣಾರೆ ನೋಡಬಾರದು. ಅರ್ಚಕರೂ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ.

ಅರಸರಂತೆ ಕವಿಯ ನೆನಪೂ ಇಲ್ಲಿದೆ: ಇದೇ ಊರಿನಲ್ಲಿ 1905ರಲ್ಲಿ ಹುಟ್ಟಿದ ಪು.ತಿ.ನ. ಅವರ ಮನೆ ಈಗ ಸ್ಮಾರಕ.

ಹೋಗುವವರಿಗೆ ಒಂದು ಮಾತು: ವೈರಮುಡಿಯ ರಾತ್ರಿ ನೂಕುನುಗ್ಗಲು ವಿಪರೀತ, ಊರು ನೋಡಬೇಕೆಂದರೆ ಬೇರೆ ದಿನ ಹೋಗಿ. ಮೊದಲು ತೊಣ್ಣೂರಿನ ಕೆರೆ, ಗುಡಿಗಳನ್ನು ನೋಡಿ. ಆಚಾರ್ಯರು ಮೇಲುಕೋಟೆಗೆ ಬಂದದ್ದು ಅಲ್ಲಿಂದಲೇ.